ಮೂರನೇ ಬಹುಮಾನಕ್ಕಾಗಿ ಓಡಿದ ಹುಡುಗ

ಕ್ರೀಡೆಯನ್ನು ಕುರಿತ ಸಿನಿಮಾಗಳನ್ನು ಮುಗಿಬಿದ್ದು ನೋಡುವವರಲ್ಲಿ ಹೆಚ್ಚಿನವರು ಆಟಗಾರರಲ್ಲ. ಜೀವಮಾನದಲ್ಲಿ ಒಮ್ಮೆಯೂ ಹಾಕಿ ಸ್ಟಿಕ್ ಹಿಡಿಯದವರು ‘ಚಕ್ ದೇ ಇಂಡಿಯಾ’ ನೋಡಿ ಕಣ್ಣೊರೆಸಿಕೊಂಡಿದ್ದಾರೆ. ಬಾಕ್ಸಿಂಗ್ ಎಂದರೆ ಇಬ್ಬರು ಹೊಡೆದಾಡುವುದು ಎನ್ನುವುದಕ್ಕಿಂತ ಹೆಚ್ಚೇನೂ ತಿಳಿಯದವರು ‘ರಾಕಿ’ಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಾರೆ. ಆದ್ದರಿಂದ ಈ ಸಿನಿಮಾಗಳ ಸೆಳೆತ ಆಟದಲ್ಲಿದೆ ಎಂದು ಹೇಳಲಾಗದು. ಹಾಗಾದರೆ ಗೆಲುವಿನಲ್ಲಿದೆಯೇ? ಅದೂ ಅನುಮಾನವೇ. ಗೆಲುವು ಕೊನೆಯ ಐದು ನಿಮಿಷದ ಮಾತು. ಅದಕ್ಕೆ ಮೊದಲಿನ ಎರಡು ಗಂಟೆ ಕಾಲ ನಾವು ನೋಡುವುದು ಬೀಳುವವರನ್ನು, ಬೈಸಿಕೊಳ್ಳುವವರನ್ನು, ತಂಡದ ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಮರಳುವವರನ್ನು. ಟಿಕೆಟ್ಟಿನ ಹಣ ನಾವು ಕೊಡುವುದು ಆ ಎರಡು ಗಂಟೆಗೆ.

ನಮ್ಮ ಯಾವುದೇ ತಾಲೂಕು ಕೇಂದ್ರದ ಮೈದಾನಕ್ಕೆ ಬೆಳಗಿನ ಐದೂವರೆಗೆ ಹೋಗಿ ನಿಂತರೆ ಇದರ ಕಾರಣ ತಿಳಿಯುತ್ತದೆ. ಪೊಲೀಸ್ ಪೇದೆ ಹುದ್ದೆಗೆ, ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು ಅಲ್ಲಿ ಸುತ್ತು ಹಾಕುತ್ತಿರುತ್ತಾರೆ. 1600 ಮೀಟರ್ ಓಟ. ಅಂಚಿನಲ್ಲಿ ನಿಂತ ಗೆಳೆಯನ ಕೈಯಲ್ಲಿ ಮೊಬೈಲು, ಅದರಲ್ಲಿ ಓಡುವ ಸೆಕೆಂಡುಗಳು. ಕೆಲವರಿಗೆ ಬೂಟು, ಕೆಲವರದು ಬರಿಗಾಲು. ಇವರಲ್ಲಿ ಬಹುಪಾಲು ಹುಡುಗರಿಗೆ ಆ ಕೆಲಸ ಸಿಗುವುದಿಲ್ಲ. ಹುದ್ದೆಗಳಿಗಿಂತ ಓಡುವ ಕಾಲುಗಳ ಸಂಖ್ಯೆ ಯಾವಾಗಲೂ ಹೆಚ್ಚು. ವಯಸ್ಸಿನ ಮಿತಿ ದಾಟಿದ ಮೇಲೆ ಒಬ್ಬ ಗಾರೆ ಕೆಲಸಕ್ಕೆ, ಒಬ್ಬ ಗ್ಯಾರೇಜಿಗೆ, ಇನ್ನೊಬ್ಬ ಕೊಲ್ಲಿ ದೇಶಕ್ಕೆ ಹೊರಟುಹೋಗುತ್ತಾನೆ. ಓಡಿದ ಆ ಮೂರು ವರ್ಷಗಳಿಗೆ ಯಾವ ಪ್ರಮಾಣಪತ್ರವೂ ಇಲ್ಲ, ಮನೆಯವರ ಬಾಯಲ್ಲಿ ಅದು ವ್ಯರ್ಥವಾದ ಕಾಲ. ಕ್ರೀಡಾ ಸಿನಿಮಾ ಆ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆವರಿನ ಒಂದೊಂದು ಹನಿಯನ್ನೂ ಹತ್ತಿರದಿಂದ ತೋರಿಸುತ್ತದೆ. ನೀನು ಓಡಿದ್ದನ್ನು ನಾನು ನೋಡಿದ್ದೇನೆ ಎಂದು ಹೇಳುವವರು ಒಬ್ಬರಾದರೂ ಇರಬೇಕೆಂಬ ಆಸೆ ಎಲ್ಲರಿಗೂ ಇರುತ್ತದಲ್ಲ, ಈ ಸಿನಿಮಾಗಳು ನಿಂತಿರುವುದು ಅದರ ಮೇಲೆ.

ಉರ್ದುವಿನಲ್ಲಿ ‘ಹಾರ್’ ಎಂದರೆ ಸೋಲು. ಕೊರಳಿಗೆ ಹಾಕುವ ಹೂವಿನ ಮಾಲೆಗೂ ಅಲ್ಲಿ ಅದೇ ಮಾತು. ಕನ್ನಡಕ್ಕೆ ಬಂದರೆ ‘ಹಾರ’ದಲ್ಲಿ ಮಾಲೆ ಮಾತ್ರ ಉಳಿದು ಸೋಲು ಕಳಚಿಹೋಗಿದೆ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿತ ನಮ್ಮಂಥವರಿಗೆ ಚಿಕ್ಕಂದಿನಲ್ಲಿ ಇದೊಂದು ತಮಾಷೆಯಾಗಿತ್ತು. ಈದ್ಗಾ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಸೋತು ಬಂದ ದಿನ, ಇವತ್ತು ನಮಗೇ ಹಾರ ಎಂದು ಹೇಳಿಕೊಂಡು ನಗುತ್ತಿದ್ದೆವು. ನಮ್ಮ ಹಿಂದಿ ಸಿನಿಮಾಗಳ ತೊಂದರೆಯೇನೆಂದರೆ ಅವು ಈ ಎರಡರ್ಥದ ಮಾತನ್ನು ಒಂದೇ ಅರ್ಥಕ್ಕೆ ಇಳಿಸಿಬಿಟ್ಟಿವೆ. ಸೋತವನ ಕೊರಳಿಗೆ ಮಾಲೆ ಹಾಕಲು ಅವಕ್ಕೆ ಧೈರ್ಯ ಸಾಲದು.

ಅವುಗಳ ಸೂತ್ರ ಎಲ್ಲರಿಗೂ ಬಾಯಿಪಾಠ: ಮೂಲೆಗೆ ಬಿದ್ದ ಒಬ್ಬ ಕೋಚ್, ಒಬ್ಬರ ಮುಖ ಒಬ್ಬರಿಗಾಗದ ಹುಡುಗರು, ಒಂದು ತಾಲೀಮಿನ ಹಾಡು, ಮೊದಲ ಪಂದ್ಯದ ಹೀನಾಯ ಸೋಲು, ಕೊನೆಯ ಪಂದ್ಯಕ್ಕೆ ಮುನ್ನ ಒಂದು ಭಾಷಣ, ಕೊನೆಯ ಚೆಂಡು. 2001ರ ‘ಲಗಾನ್’ ಇದನ್ನೇ ಮಾಡಿತು, ಚೆನ್ನಾಗಿಯೇ ಮಾಡಿತು. ಕುಂಬಾರ ಇಸ್ಮಾಯಿಲ್, ಅಸ್ಪೃಶ್ಯ ಕಚ್ರಾ, ಸಿಖ್ ದೇವಾ ಎಲ್ಲರಿಗೂ ಒಂದೊಂದು ಅವಕಾಶ ಹಂಚಿಕೊಟ್ಟು ಭುವನ್ ಕೈಯಲ್ಲಿ ಗೆಲ್ಲಿಸಿತು. ಅಲ್ಲಿ ಗೆಲ್ಲದಿದ್ದರೆ ಮೂರು ಪಟ್ಟು ಲಗಾನು ಕಟ್ಟಿ ಊರೇ ಹಸಿದು ಸಾಯಬೇಕಿತ್ತು ಎನ್ನುವುದರಿಂದ ಆ ಗೆಲುವನ್ನು ನಾವು ಆಕ್ಷೇಪಿಸುವುದಿಲ್ಲ. ಆಕ್ಷೇಪ ಇರುವುದು, ಎಲ್ಲಾ ಪಂದ್ಯವೂ ಲಗಾನಿನ ಪಂದ್ಯದಂತೆಯೇ ಆಗಿಬಿಟ್ಟದ್ದಕ್ಕೆ.

2007ರ ‘ಚಕ್ ದೇ ಇಂಡಿಯಾ’ ಈ ಸಾಲಿನಲ್ಲಿ ಶ್ರೇಷ್ಠ ಸಿನಿಮಾ ಎಂದು ನಾವು ತಿಳಿದಿದ್ದೇವೆ. ಶಿಮಿತ್ ಅಮೀನ್ ನಿರ್ದೇಶನ, ಜೈದೀಪ್ ಸಾಹ್ನಿ ಬರವಣಿಗೆ. ಭಾರತದ ಹಾಕಿ ನಾಯಕ ಕಬೀರ್ ಖಾನ್ ಪಾಕಿಸ್ತಾನದ ವಿರುದ್ಧದ ಫೈನಲ್ಲಿನಲ್ಲಿ ಪೆನಾಲ್ಟಿ ಸ್ಟ್ರೋಕ್ ತಪ್ಪಿಸುತ್ತಾನೆ. ಪಂದ್ಯ ಮುಗಿದ ಮೇಲೆ ಎದುರಾಳಿಯ ಕೈ ಕುಲುಕುತ್ತಾನೆ. ಆ ಒಂದು ಫೋಟೋ ಸಾಕಾಗುತ್ತದೆ. ಗದ್ದಾರ್ ಎಂಬ ಮಾತು ಟೀವಿಯಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ ಬರುತ್ತದೆ. ಅವನು ತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹುಟ್ಟಿದ ಮನೆ ಬಿಟ್ಟು ಹೊರಡುತ್ತಾನೆ. ನೆರೆಹೊರೆಯವರು ನಿಂತು ನೋಡುತ್ತಾರೆ. ಅಬ್ಬರದ ಸಂಗೀತವಿಲ್ಲದ ಈ ಕೆಲವೇ ನಿಮಿಷಗಳಲ್ಲಿ ಈ ದೇಶದ ಮುಸ್ಲಿಮರ ಒಂದು ದೊಡ್ಡ ಸಂಕಟವನ್ನು ಅದು ಹೇಳಿ ಮುಗಿಸುತ್ತದೆ. ಆಮೇಲೆ ಏಳು ವರ್ಷ ಕಳೆದು ಅವನು ಮಹಿಳಾ ತಂಡದ ಕೋಚ್ ಆಗಿ ಬರುತ್ತಾನೆ. ಆ ಹುಡುಗಿಯರಿಗೂ ಇವನಂತೆಯೇ ನಿತ್ಯ ಪರೀಕ್ಷೆ. ಈಶಾನ್ಯದ ಮೇರಿ, ಮೋಲಿಯರನ್ನು ಅವರ ಸ್ವಂತ ದೇಶದಲ್ಲೇ ಅತಿಥಿಗಳೆಂದು ಸ್ವಾಗತಿಸುತ್ತಾರೆ. ಜಾರ್ಖಂಡದ ಹುಡುಗಿಯರ ಮಾತು ಯಾರಿಗೂ ಬೇಕಿಲ್ಲ. ನಾಯಕಿ ವಿದ್ಯಾ ಶರ್ಮಾಳ ಅತ್ತೆಮನೆಯವರಿಗೆ ಸೊಸೆ ಮನೆಗೆ ಬಂದರೆ ಸಾಕು.

ಈ ಸಿನಿಮಾದಲ್ಲಿ ನಮಗೆ ಅತಿ ಇಷ್ಟವಾದದ್ದು ವಿಶ್ವಕಪ್ ಫೈನಲ್ ಅಲ್ಲ. ಆಸ್ಟ್ರೇಲಿಯಾಕ್ಕೆ ಕಳುಹಿಸಲು ಹಿಂದೇಟು ಹಾಕಿದಾಗ ಈ ಹುಡುಗಿಯರು ಗಂಡಸರ ತಂಡದೊಂದಿಗೆ ಆಡುವ ಪಂದ್ಯವೊಂದಿದೆ. ಅದರಲ್ಲಿ ಅವರು ಸೋಲುತ್ತಾರೆ. ಸೋತು ನಿಂತವರಿಗೆ ಗೆದ್ದ ಗಂಡಸರೇ ಗೌರವ ಸಲ್ಲಿಸುತ್ತಾರೆ. ಆಟ ಎಂದರೇನು ಎಂದು ಕೇಳುವವರಿಗೆ ಈ ಒಂದು ದೃಶ್ಯ ತೋರಿಸಿದರೆ ಸಾಕು. ಆದರೆ ಸಿನಿಮಾ ಅಲ್ಲಿ ನಿಲ್ಲುವಂತಿಲ್ಲ, ಯಾಕೆಂದರೆ ಕಬೀರ್ ಖಾನನ ಮನೆಯ ಬೀಗ ಇನ್ನೂ ಹಾಗೇ ಇದೆ. ಆ ಬೀಗ ತೆರೆಯಬೇಕಾದರೆ ಭಾರತ ವಿಶ್ವಕಪ್ ಗೆಲ್ಲಲೇಬೇಕು. ಗೆಲ್ಲುತ್ತದೆ. ಅವನು ತಾಯಿಯೊಂದಿಗೆ ಮನೆಗೆ ಮರಳುತ್ತಾನೆ, ಓಣಿಯವರು ಎದುರುಗೊಳ್ಳುತ್ತಾರೆ, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ನಾವೂ ಚಪ್ಪಾಳೆ ತಟ್ಟಿದವರೇ. ಆದರೆ ಹೊರಗೆ ಬಂದು ಚಹಾ ಕುಡಿಯುವಾಗ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಯ ಆ ಪೆನಾಲ್ಟಿಯನ್ನು ವಿದ್ಯಾ ತಡೆಯದೇ ಹೋಗಿದ್ದರೆ? ಏಳು ವರ್ಷದ ಹಿಂದೆ ಕಬೀರ್ ಖಾನ್ ಪ್ರಾಮಾಣಿಕನಾಗಿದ್ದ, ಈಗಲೂ ಪ್ರಾಮಾಣಿಕನೇ. ಅವನ ಪ್ರಾಮಾಣಿಕತೆ ಒಬ್ಬ ಗೋಲ್‌ಕೀಪರಳ ಕೈಗವಸಿನ ಮೇಲೆ ನಿಂತಿದೆ ಎನ್ನುವುದಾದರೆ ಆ ಮನೆಯ ಬೀಗದ ಕೈ ನಿಜವಾಗಿ ಯಾರ ಬಳಿ ಇದೆ?

ಈ ಕತೆಗೆ ಹತ್ತಿರದ ಒಂದು ನಿಜಸಂಗತಿಯೂ ಇದೆ. 1982ರ ದೆಹಲಿ ಏಷ್ಯನ್ ಗೇಮ್ಸ್ ಹಾಕಿ ಫೈನಲ್ಲಿನಲ್ಲಿ ಭಾರತ ಪಾಕಿಸ್ತಾನಕ್ಕೆ 1-7ರಿಂದ ಸೋತಿತು. ಗೋಲ್‌ಕೀಪರ್ ಆಗಿದ್ದವರು ಮೀರ್ ರಂಜನ್ ನೇಗಿ. ಪಂದ್ಯ ಮಾರಿಕೊಂಡರೆಂಬ ಆರೋಪ ಹೊತ್ತು ಅವರು ಬಹಳ ವರ್ಷ ಬದುಕಬೇಕಾಯಿತು. ‘ಚಕ್ ದೇ’ಯ ನಟಿಯರಿಗೆ ಹಾಕಿ ಕಲಿಸಿದವರೂ ಅವರೇ. ತಾನು ಬರೆದದ್ದು ನೇಗಿಯವರ ಜೀವನವನ್ನಲ್ಲ, 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ಸುದ್ದಿ ತನಗೆ ಪ್ರೇರಣೆ ಎಂದು ಸಾಹ್ನಿ ಹೇಳಿದ್ದಾರೆ. ಇರಲಿ. ನೇಗಿಯವರು ಹಿಂದೂ. ಏಳು ಗೋಲು ಬಿಟ್ಟ ಒಬ್ಬ ಹಿಂದೂವನ್ನೇ ಈ ಜನ ಅಷ್ಟು ಕಾಡಿದರೆಂದರೆ, ಸೋಲನ್ನು ದ್ರೋಹವೆಂದು ಓದುವ ರೋಗ ಎಲ್ಲರನ್ನೂ ತಾಗುತ್ತದೆ ಎಂದಾಯಿತು. ಕೆಲವರಿಗೆ ಮಾತ್ರ ಅದು ಹೆಸರಿನಿಂದಲೇ ಅಂಟಿಕೊಳ್ಳುತ್ತದೆ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಟಿ20 ವಿಶ್ವಕಪ್‌ನ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಿತು. ಹತ್ತು ವಿಕೆಟ್ ಎಂದರೆ ಭಾರತದ ಯಾವ ಬೌಲರಿಗೂ ಒಂದು ವಿಕೆಟ್ ಸಿಗಲಿಲ್ಲ ಎಂದೇ ಅರ್ಥ. ಆದರೆ ಆ ರಾತ್ರಿ ಬೈಗುಳದ ಮಳೆ ಸುರಿದದ್ದು ಮೊಹಮ್ಮದ್ ಶಮಿಯವರ ಮೇಲೆ. ನಾಯಕ ವಿರಾಟ್ ಕೊಹ್ಲಿ ಅವರ ಪರವಾಗಿ ನಿಂತು ಖಂಡಾತುಂಡವಾಗಿ ಮಾತನಾಡಿದರು, ಅದನ್ನು ಮರೆಯಬಾರದು. ಮರುವರ್ಷ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಕ್ಯಾಚ್ ಬಿಟ್ಟ ಅರ್ಶ್‌ದೀಪ್ ಸಿಂಗ್‌ರನ್ನು ಖಾಲಿಸ್ತಾನಿ ಎಂದರು. ಕ್ಯಾಚು ಬಿಡುವುದು, ಸ್ಟ್ರೋಕು ತಪ್ಪುವುದು ಆಟದ ಅಂಗ. ಅದನ್ನು ಆಟವಾಗಿಯೇ ಬಿಡುವ ದೊಡ್ಡಸ್ತಿಕೆ ಪ್ರೇಕ್ಷಕನಿಗೆ ಇರಬೇಕಲ್ಲವೇ? ನಾವು ಕೇಳುವುದು ಗೆಲ್ಲುವ ಹಕ್ಕನ್ನಲ್ಲ, ಅದನ್ನು ಬೆವರಿನಿಂದ ಪಡೆಯಬಹುದು. ಎಲ್ಲರಂತೆ ಸೋತು, ಎಲ್ಲರಂತೆ ಬೇಸರದಿಂದ ಮನೆಗೆ ಬಂದು ಮಲಗುವ ಹಕ್ಕು ಬೇಕು.

ಈ ದೃಷ್ಟಿಯಿಂದ ನಾಗೇಶ್ ಕುಕುನೂರರ ‘ಇಕ್ಬಾಲ್’ (2005) ನಮಗೆ ತಣ್ಣನೆಯ ನೀರು ಕುಡಿದಂತೆ ಅನ್ನಿಸಿತು. ಕಿವಿ ಕೇಳದ, ಮಾತು ಬಾರದ ಹಳ್ಳಿಯ ಹುಡುಗ ವೇಗದ ಬೌಲರ್ ಆಗಬೇಕೆಂದು ಹಟ ಹಿಡಿಯುತ್ತಾನೆ. ತನ್ನ ಎಮ್ಮೆಗಳಿಗೆ ಕ್ರಿಕೆಟಿಗರ ಹೆಸರಿಟ್ಟು ಅವುಗಳ ಮುಂದೆ ಬೌಲ್ ಮಾಡುತ್ತಾನೆ. ಅಪ್ಪನಿಗೆ ಹೊಲದ ಚಿಂತೆ, ತಾಯಿಗೆ ಕ್ರಿಕೆಟ್ ಹುಚ್ಚು, ತಂಗಿ ಖದೀಜಾ ಅಣ್ಣನ ಬಾಯಿ. ಕುಡುಕ ಕೋಚ್ ಆಗಿ ನಾಸಿರುದ್ದೀನ್ ಶಾ. ಅಕಾಡೆಮಿಯ ಗುರೂಜಿಯಾಗಿ ನಮ್ಮ ಗಿರೀಶ್ ಕಾರ್ನಾಡ್. ನಾಟಕಕಾರ ಕಾರ್ನಾಡರು ಮೆಲುದನಿಯಲ್ಲೇ ಎಂಥ ಖಳನಾಗಬಲ್ಲರು ಎನ್ನುವುದನ್ನು ನೋಡಲಾದರೂ ಕನ್ನಡಿಗರು ಈ ಚಿತ್ರ ನೋಡಬೇಕು. ಶ್ರೀಮಂತನ ಮಗನಿಗಾಗಿ ಈ ಬಡ ಹುಡುಗನನ್ನು ಹೊರಗಟ್ಟುವ ಗುರೂಜಿ, ಕೊನೆಗೆ ಬೇಕೆಂದೇ ಕೆಟ್ಟದಾಗಿ ಬೌಲ್ ಮಾಡು ಎಂದು ಹಣದ ಆಸೆಯನ್ನೂ ಒಡ್ಡುತ್ತಾರೆ. ಇಡೀ ಸಿನಿಮಾದಲ್ಲಿ ಇಕ್ಬಾಲನ ದೇಶಪ್ರೇಮದ ಬಗ್ಗೆ ಒಬ್ಬರೂ ಪ್ರಶ್ನೆ ಎತ್ತುವುದಿಲ್ಲ. ಆ ಮನೆ ಮುಸ್ಲಿಂ ಮನೆ, ಅಷ್ಟೇ. ಸಾಲ, ಎಮ್ಮೆ, ತಂಗಿಯ ಜಗಳ, ಕ್ರಿಕೆಟ್ಟು. ಹಾಗೆ ನೋಡಿದರೆ ‘ಚಕ್ ದೇ’ಗಿಂತ ಇದು ಸಣ್ಣ ಸಿನಿಮಾ, ಕೊನೆಯಲ್ಲಿ ಕಪಿಲ್ ದೇವ್ ಬರುವ ಹೊತ್ತಿಗೆ ಸಿಹಿ ತುಸು ಹೆಚ್ಚಾಗುತ್ತದೆ ಕೂಡ. ಆದರೂ ಒಬ್ಬ ಮುಸ್ಲಿಂ ಹುಡುಗ ತನಗಾಗಿ ಮಾತ್ರ ಆಡಿದ್ದನ್ನು ನಾವು ಪರದೆಯ ಮೇಲೆ ನೋಡಿದ್ದು ಇದರಲ್ಲೇ.

ಸೋಲಿಗೆ ಹೆದರದ ಸಿನಿಮಾಗಳು ಹೊರಗೆ ಬಂದಿವೆ. 1976ರ ‘ರಾಕಿ’ಯಲ್ಲಿ ನಾಯಕ ಗೆಲ್ಲುವುದಿಲ್ಲ ಎನ್ನುವುದನ್ನು ಅದರ ಅಭಿಮಾನಿಗಳೇ ಎಷ್ಟೋ ಸಲ ಮರೆತಿರುತ್ತಾರೆ. ಹದಿನೈದು ಸುತ್ತು ನಿಂತು ಹೊಡೆಸಿಕೊಂಡು ರಾಕಿ ಬಾಲ್ಬೋವ ತೀರ್ಪುಗಾರರ ಎಣಿಕೆಯಲ್ಲಿ ಅಪೋಲೊ ಕ್ರೀಡ್‌ಗೆ ಸೋಲುತ್ತಾನೆ. ಫಲಿತಾಂಶ ಘೋಷಿಸುವಾಗ ಅವನಿಗೆ ಅದು ಕೇಳಿಸುವುದೂ ಇಲ್ಲ, ಏಡ್ರಿಯನ್ ಎಂದು ಕೂಗುತ್ತಾ ಆ ಗದ್ದಲದಲ್ಲಿ ಅವಳನ್ನು ಹುಡುಕುತ್ತಿರುತ್ತಾನೆ. ಮೂರು ವರ್ಷದ ನಂತರ ಎರಡನೆಯ ಭಾಗ ತೆಗೆದು ಅವನನ್ನು ಗೆಲ್ಲಿಸಿದರು. ಮಾರುಕಟ್ಟೆಗೆ ಸೋಲಿನ ಸಾಲ ಇಟ್ಟುಕೊಳ್ಳುವುದು ಗೊತ್ತಿಲ್ಲ.

ಅದಕ್ಕಿಂತ ಹಳೆಯದು 1962ರ ಬ್ರಿಟಿಷ್ ಸಿನಿಮಾ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’. ಅಲನ್ ಸಿಲಿಟೋ ಅವರ ಕತೆ, ಟೋನಿ ರಿಚರ್ಡ್‌ಸನ್ ನಿರ್ದೇಶನ. ಬೇಕರಿಯಲ್ಲಿ ಕದ್ದು ಸುಧಾರಣಾ ಶಾಲೆಗೆ ಬಂದ ಹುಡುಗ ಕಾಲಿನ್ ಸ್ಮಿತ್. ಅವನ ಓಟ ನೋಡಿ ಶಾಲೆಯ ಗವರ್ನರಿಗೆ ಆಸೆ. ಶ್ರೀಮಂತರ ಮಕ್ಕಳ ಶಾಲೆಯ ವಿರುದ್ಧ ಪಂದ್ಯ. ಎಲ್ಲರಿಗಿಂತ ಬಹಳ ಮುಂದೆ ಬಂದ ಕಾಲಿನ್ ಗೆರೆಗೆ ಕೆಲವೇ ಹೆಜ್ಜೆ ಇರುವಾಗ ನಿಂತುಬಿಡುತ್ತಾನೆ. ಗವರ್ನರನ ಮುಖ ನೋಡಿ ನಗುತ್ತಾ, ಹಿಂದಿನವನು ದಾಟಿ ಹೋಗಲು ಬಿಡುತ್ತಾನೆ. ನನ್ನ ಕಾಲು ನಿನ್ನ ಶೋಕೇಸಿನ ಕಪ್ಪಿಗಾಗಿ ಅಲ್ಲ ಎಂದು ಇದಕ್ಕಿಂತ ಜೋರಾಗಿ ಹೇಳುವುದು ಸಾಧ್ಯವಿಲ್ಲ. ಬಹುಮಾನ ಕೊಡುವವರ ಬಗ್ಗೆ ಯೋಚಿಸುವ ಓಟಗಾರ ನಮ್ಮ ಸಿನಿಮಾಗಳಲ್ಲಿ ಇನ್ನೂ ಹುಟ್ಟಿಲ್ಲ. ನಾಗರಾಜ ಮಂಜುಳೆ 2022ರ ‘ಝುಂಡ್’ನಲ್ಲಿ ಬೇರೊಂದು ಗೆರೆ ತೋರಿಸಿದರು, ನಾಗಪುರದ ಕೊಳೆಗೇರಿಯ ಹುಡುಗರಿಗೆ ಫುಟ್‌ಬಾಲಿಗಿಂತ ಕಷ್ಟವಾದದ್ದು ಪಾಸ್‌ಪೋರ್ಟು. ತಾನು ತಾನೇ ಎಂದು ಸಾಬೀತು ಮಾಡಲು ಕಾಗದ ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವ ಗೊಂಡ ಹುಡುಗಿ ಮತ್ತು ಅವಳ ತಂದೆ ಆ ಸಿನಿಮಾದ ನಿಜವಾದ ಪಂದ್ಯವನ್ನು ಆಡುತ್ತಾರೆ.

ಇಷ್ಟು ಹೇಳಿದ ಮೇಲೆ 2024ರ ‘ಮೈದಾನ್’ ಬಗ್ಗೆ ಒಂದು ಮಾತು. ಹೈದರಾಬಾದಿನ ಶಾಲಾ ಮಾಸ್ತರು ಸೈಯದ್ ಅಬ್ದುಲ್ ರಹೀಮ್ ಭಾರತದ ಫುಟ್‌ಬಾಲ್ ತಂಡದ ಕೋಚ್ ಆಗಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ನಾಲ್ಕನೇ ಸ್ಥಾನಕ್ಕೆ ತಂದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದಾಗ ಅವರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು, ಮರುವರ್ಷ ತೀರಿಕೊಂಡರು. ಸಿನಿಮಾ 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು ಭಾರತ 1-10ರಿಂದ ಸೋತದ್ದರಿಂದ ಆರಂಭವಾಗುತ್ತದೆ. ಅದು ಒಳ್ಳೆಯ ಆರಂಭ. ಆದರೆ ನಮಗೆ ಕುತೂಹಲ ಇದ್ದದ್ದು ಹೆಲ್ಸಿಂಕಿ ಮತ್ತು ಜಕಾರ್ತಾಗಳ ನಡುವಿನ ಹತ್ತು ವರ್ಷಗಳಲ್ಲಿ ಆ ಮಾಸ್ತರು ಹುಡುಗರಿಗೆ ಏನು ಕಲಿಸಿದರು, ಹೇಗೆ ಕಲಿಸಿದರು ಎಂಬುದರಲ್ಲಿ. ಸಿನಿಮಾ ಸಿಗರೇಟಿನ ಹೊಗೆಗೂ ಖಳರ ಪಿತೂರಿಗೂ ಕೊಟ್ಟಷ್ಟು ಹೊತ್ತನ್ನು ಇದಕ್ಕೆ ಕೊಡಲಿಲ್ಲ. ರಹೀಮ್ ಸಾಹೇಬರ ಹೆಸರೇ ಕೇಳದಿದ್ದ ಎಷ್ಟೋ ಯುವಕರು ಈಗ ಕೇಳಿದ್ದಾರೆ, ಆ ಮಟ್ಟಿಗೆ ಉಪಕಾರ. ಗಲ್ಲಾಪೆಟ್ಟಿಗೆಯಲ್ಲಿ ಅದು ಸೋತಿತು.

ಈಗ ನಾವು ಇಷ್ಟು ಹೊತ್ತು ಕಾದಿರಿಸಿಕೊಂಡಿದ್ದ ಸಿನಿಮಾಕ್ಕೆ ಬರಬಹುದು. ಇರಾನಿನ ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’, 1997ರದ್ದು. ಇದನ್ನು ಯಾರೂ ಕ್ರೀಡಾ ಸಿನಿಮಾ ಎಂದು ಕರೆಯುವುದಿಲ್ಲ, ಓಟದ ಪಂದ್ಯ ಬರುವುದು ಕೊನೆಯ ಭಾಗದಲ್ಲಿ ಮಾತ್ರ. ಆದರೆ ಶ್ರಮ ಮತ್ತು ಸೋಲಿನ ಬಗ್ಗೆ ಇದು ತಿಳಿದಿರುವಷ್ಟು ಬೇರೆ ಯಾವುದಕ್ಕೂ ತಿಳಿದಿಲ್ಲ.

ತೆಹರಾನಿನ ಬಡ ಓಣಿಯ ಹುಡುಗ ಅಲಿ. ತಂಗಿ ಜಹ್ರಾಳ ಬೂಟನ್ನು ರಿಪೇರಿ ಮಾಡಿಸಿಕೊಂಡು ಬರುವಾಗ ತರಕಾರಿ ಅಂಗಡಿಯಲ್ಲಿ ಅದು ಕಳೆದುಹೋಗುತ್ತದೆ. ಹೊಸದು ಕೊಡಿಸಲು ಅಪ್ಪನ ಬಳಿ ಹಣವಿಲ್ಲ ಎಂದು ಮಕ್ಕಳಿಗೆ ಗೊತ್ತು. ಹಾಗಾಗಿ ಸುದ್ದಿ ಮುಚ್ಚಿಟ್ಟು ಅಲಿಯ ಬೂಟನ್ನೇ ಇಬ್ಬರೂ ಹಂಚಿಕೊಳ್ಳುತ್ತಾರೆ. ಬೆಳಗಿನ ಪಾಳಿಯ ಶಾಲೆ ಮುಗಿಸಿ ಜಹ್ರಾ ಓಡಿ ಬರಬೇಕು. ಗಲ್ಲಿಯ ತಿರುವಿನಲ್ಲಿ ಬೂಟು ಬದಲಾಯಿಸಿಕೊಂಡು ಅಲಿ ಮಧ್ಯಾಹ್ನದ ಶಾಲೆಗೆ ಓಡಬೇಕು. ಎಷ್ಟು ಓಡಿದರೂ ತಡ. ತಡವಾಗಿದ್ದಕ್ಕೆ ಬೈಗುಳ. ಬೇರೆ ಸಿನಿಮಾಗಳಲ್ಲಿ ಹಾಡಿನ ಹಿನ್ನೆಲೆಯಲ್ಲಿ ತೋರಿಸುವ ತಾಲೀಮು ಇಲ್ಲಿ ಹೀಗೆ ನಡೆದುಹೋಗುತ್ತದೆ. ಅದು ತಾಲೀಮು ಎಂದು ಆ ಮಕ್ಕಳಿಗೂ ಗೊತ್ತಿಲ್ಲ, ನೋಡುವ ನಮಗೂ ಗೊತ್ತಾಗುವುದಿಲ್ಲ.

ಅವರ ಅಪ್ಪನ ಒಂದು ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಮಸೀದಿಯ ಕಾರ್ಯಕ್ರಮಕ್ಕೆಂದು ಸಕ್ಕರೆ ಗಟ್ಟಿಯನ್ನು ಮನೆಯಲ್ಲಿ ಕೂತು ತುಂಡು ಮಾಡುತ್ತಿದ್ದಾನೆ. ಮಗಳು ಚಹಾ ತರುತ್ತಾಳೆ. ಸಕ್ಕರೆ ಎಲ್ಲಿ ಎನ್ನುತ್ತಾನೆ ಅಪ್ಪ. ಮುಂದೆಯೇ ರಾಶಿ ಇದೆಯಲ್ಲ ಎನ್ನುತ್ತಾಳೆ ಮಗಳು. ಇದು ಮಸೀದಿಯದು, ನಮ್ಮ ಬಳಿ ನಂಬಿಕೆಯ ಮೇಲೆ ಇಟ್ಟದ್ದು ಎಂದು ಅವನು ಮನೆಯ ಸಕ್ಕರೆ ತರಿಸಿಕೊಳ್ಳುತ್ತಾನೆ. ಅಮಾನತ್ ಎಂಬ ಮಾತಿನ ಅರ್ಥವನ್ನು ನಮಗೆ ಮದ್ರಸಾದಲ್ಲಿ ಬಹಳ ದಿನ ಕಲಿಸಿದ್ದರು. ಮಜೀದಿ ಅದನ್ನು ಒಂದು ಲೋಟ ಚಹಾದಲ್ಲಿ ಮುಗಿಸಿದ್ದಾರೆ. ಮಕ್ಕಳೂ ಆ ಅಪ್ಪನ ಮಕ್ಕಳೇ. ಕಳೆದ ಬೂಟು ಶಾಲೆಯ ಇನ್ನೊಬ್ಬ ಹುಡುಗಿಯ ಕಾಲಲ್ಲಿ ಕಂಡು, ಕೇಳಲೆಂದು ಅವಳ ಮನೆಯ ತನಕ ಹೋಗುತ್ತಾರೆ. ಅವಳ ಅಪ್ಪ ಕುರುಡ ಎಂದು ಕಂಡದ್ದೇ, ಏನೂ ಮಾತನಾಡದೆ ಹಿಂದಿರುಗುತ್ತಾರೆ.

ಆಮೇಲೆ ಶಾಲೆಗಳ ನಡುವೆ ಓಟದ ಪಂದ್ಯ. ಮೂರನೇ ಬಹುಮಾನದಲ್ಲಿ ಒಂದು ಜೊತೆ ಬೂಟು ಇದೆ. ಹೆಸರು ಕೊಡುವ ಕಾಲ ಮೀರಿದ್ದರೂ ಅಲಿ ಮೇಷ್ಟರ ಮುಂದೆ ಅತ್ತು ಕರೆದು ಸೇರಿಕೊಳ್ಳುತ್ತಾನೆ. ಖಂಡಿತ ಮೂರನೆಯವನಾಗುತ್ತೇನೆ, ಆ ಬೂಟನ್ನು ಹುಡುಗಿಯರ ಬೂಟಿಗೆ ಬದಲಾಯಿಸಿ ತರುತ್ತೇನೆ ಎಂದು ತಂಗಿಗೆ ಮಾತು ಕೊಡುತ್ತಾನೆ. ಜಗತ್ತಿನ ಇನ್ಯಾವ ಕ್ರೀಡಾ ಸಿನಿಮಾದ ನಾಯಕ ಮೂರನೆಯವನಾಗಲು ಓಡಿದ್ದಾನೆ? ಅಲಿ ಓಡುತ್ತಾನೆ, ಮುಂದೆ ಬಂದಾಗ ಎಚ್ಚರಗೊಂಡು ಇಬ್ಬರನ್ನು ದಾಟಿ ಹೋಗಲು ಬಿಡುತ್ತಾನೆ. ಅಷ್ಟರಲ್ಲಿ ಒಬ್ಬ ಅವನನ್ನು ಬೀಳಿಸುತ್ತಾನೆ. ಎದ್ದು, ಲೆಕ್ಕವೆಲ್ಲ ಮರೆತು, ಕಣ್ಣುಮುಚ್ಚಿ ಓಡಿ ಗೆರೆ ದಾಟುತ್ತಾನೆ. ಎತ್ತಿಕೊಂಡ ಮೇಷ್ಟರನ್ನು ಅವನು ಕೇಳುವುದು ಒಂದೇ: ನಾನು ಮೂರನೆಯವನಾದೆನೇ? ಮೂರನೆಯವನೇನು, ನೀನೇ ಮೊದಲು ಎಂದು ಮೇಷ್ಟರು ಕುಣಿದಾಡುತ್ತಾರೆ. ಕಪ್ಪು ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ಹುಡುಗ ತಲೆ ಎತ್ತಲಾರದೆ ಅಳುತ್ತಾನೆ.

ಕತೆ ಬರೆಯುವವರಿಗೆ ಈ ಅಂತ್ಯವನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಗೆಲುವು ಮತ್ತು ಸೋಲು ಒಂದೇ ಕ್ಷಣದಲ್ಲಿ ಒಂದೇ ಹುಡುಗನ ಮೇಲೆ ಬಂದು ಬಿದ್ದಿವೆ, ಒಂದನ್ನು ಇನ್ನೊಂದರಿಂದ ಬಿಡಿಸಲು ಬರುವಂತಿಲ್ಲ. ಉರ್ದುವಿನ ಆ ‘ಹಾರ್’ ತನ್ನ ಎರಡೂ ಅರ್ಥದೊಂದಿಗೆ ಅವನ ಕೊರಳಲ್ಲಿದೆ. ಇಷ್ಟಾಗಿ ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಮೇಷ್ಟರು ಒಳ್ಳೆಯವರು, ಬಹುಮಾನ ಕೊಡುವವರೂ ಒಳ್ಳೆಯವರು. ಒಬ್ಬ ಹುಡುಗನಿಗೆ ಬೇಕಾಗಿರುವುದೇನು ಎಂದು ಕೇಳಲು ಮಾತ್ರ ಅಲ್ಲಿ ಯಾರಿಗೂ ತೋಚುವುದಿಲ್ಲ. ನಮ್ಮ ಕತೆಗಳನ್ನು ಓದಿ ಪತ್ರ ಬರೆಯುವವರು ಹಲವು ಸಲ ಕೇಳುತ್ತಾರೆ, ಕೊನೆಗೆ ಆ ಹುಡುಗನಿಗೆ ಕೆಲಸ ಸಿಕ್ಕಿತೇ, ಆ ಹುಡುಗಿಯ ನಿಕಾಹ್ ಆಯಿತೇ ಎಂದು. ಕೇಳುವುದು ತಪ್ಪಲ್ಲ. ಮಜೀದಿಗೆ ಆ ಪ್ರಶ್ನೆಗೂ ಉತ್ತರ ಗೊತ್ತು, ಅವರು ಅದನ್ನು ನೋಡುವವರ ಕಿವಿಯಲ್ಲಷ್ಟೇ ಹೇಳುತ್ತಾರೆ. ಅಪ್ಪ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾನೆ, ಅವನ ಸೈಕಲ್ಲಿನ ಮೇಲೆ ಎರಡು ಜೊತೆ ಹೊಸ ಬೂಟುಗಳಿವೆ. ಇದು ನಮಗೆ ಕಂಡಿದೆ, ಮಕ್ಕಳಿಗೆ ಕಂಡಿಲ್ಲ.

2010ರಲ್ಲಿ ಪ್ರಿಯದರ್ಶನ್ ಇದನ್ನು ‘ಬಂ ಬಂ ಬೋಲೆ’ ಎಂದು ಹಿಂದಿಗೆ ತಂದರು. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಮೂಲದ ಅಲಿ ಮನೆಗೆ ಬರುತ್ತಾನೆ. ತಂಗಿ ಅವನ ಮುಖ ನೋಡುತ್ತಾಳೆ, ಕೈ ನೋಡುತ್ತಾಳೆ, ಕೇಳದೆಯೇ ತಿಳಿದುಕೊಂಡು ಒಳಗೆ ಹೋಗುತ್ತಾಳೆ. ಇಬ್ಬರೂ ಹಂಚಿಕೊಂಡಿದ್ದ ಬೂಟಿನ ತಳ ಹರಿದುಹೋಗಿದೆ. ಅದನ್ನು ಕಳಚಿ, ಬೊಬ್ಬೆ ಎದ್ದ ಪಾದಗಳನ್ನು ಅವನು ಅಂಗಳದ ತೊಟ್ಟಿಯ ನೀರಿನಲ್ಲಿ ಇಳಿಬಿಡುತ್ತಾನೆ. ಕೆಂಪು ಮೀನುಗಳು ಒಂದೊಂದಾಗಿ ಬಂದು ಆ ಕಾಲುಗಳನ್ನು ಸುತ್ತುವರಿಯುತ್ತವೆ. ಅಪ್ಪ ಇನ್ನೂ ಮನೆ ತಲುಪಿಲ್ಲ.